ಹಲ್ಲುನೋವಿನ ಬಾಬಾಯಿ

ವಿಜಯವಾಡ
22 ಜುಲೈ 2025

ಪ್ರೀತಿಯ ಬಿಂದು,

ಬಂದ ದಿನವೇ ವಾರ್ಡನ್ ಸೂರ್ಯಕಾಂತಮ್ಮನವರು ನಮ್ಮೆಲ್ಲರ ಫೋನುಗಳನ್ನು ಒಂದು ಅಕ್ಕಿ ಡಬ್ಬಿಗೆ ಹಾಕಿ ಬೀಗ ಜಡಿದರು. “ಉತ್ತರಾಲು ರಾಸುಕೋಂಡಿ, ಫೋನು ಮಾತ್ರಂ ವದ್ದು” ಎಂದರು. ಪತ್ರ ಬೇಕಾದಷ್ಟು ಬರೆದುಕೊಳ್ಳಬಹುದಂತೆ, ಫೋನ್ ಮಾತ್ರ ಕೂಡದಂತೆ. ಭಾನುವಾರ ಬೆಳಿಗ್ಗೆ ಅವರ ಆಫೀಸಿನಿಂದ ಹತ್ತು ನಿಮಿಷ ಮಾತು. ಅದೂ ಸ್ಪೀಕರ್ ಹಾಕಿ, ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ. ಗಂಡನ ಜೊತೆ ಎರಡು ಮಾತು ಜಗಳವಾಡಲಿಕ್ಕೂ ಬಿಡರು ಈ ಪುಣ್ಯಾತ್ಗಿತ್ತಿ! ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನೀನೂ ಬರೆ. ಇಂಟರ್ ಎರಡನೇ ವರ್ಷಕ್ಕೆ ಬಂದರೂ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ತಿಣುಕುತ್ತೀ, ತೆಲುಗಾದರೆ ಓಡುತ್ತೀ.

ಹಾಸ್ಟೆಲ್ ಇರುವುದು ಒನ್ ಟೌನ್‌ನಲ್ಲಿ, ಮೆಣಸಿನಕಾಯಿ ಸಗಟು ಅಂಗಡಿಯ ಮೇಲೆ. ಕೆಳಗೆ ಚೀಲ ಇಳಿಸಿದಾಗಲೆಲ್ಲ ಮೇಲೆ ಇಡೀ ಕ್ಲಾಸು ಸೀನುತ್ತದೆ. ನನ್ನ ಜೊತೆಗಿರುವವರೆಲ್ಲ ನಿನಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ. ನನ್ನನ್ನು ಅಕ್ಕಾ ಎನ್ನುತ್ತಾರೆ. ಅಮ್ಮಾ ಎಂದರೂ ತಪ್ಪಿರಲಿಲ್ಲ.

ಪಾಠ ಹೇಳುವ ಮಾಧವೀಲತಾ ಮೇಡಂ ಮೊದಲ ದಿನವೇ ಒಂದು ಮಾತು ಹೇಳಿದರು. ಹೊರದೇಶಕ್ಕೆ ಹೋಗುವ ನರ್ಸ್‌ಗಳ ಈ ಲೈಸೆನ್ಸ್ ಪರೀಕ್ಷೆಯಲ್ಲಿ ಹೊಸಬರಿಗಿಂತ ಅನುಭವಸ್ಥ ನರ್ಸ್‌ಗಳೇ ಹೆಚ್ಚು ಫೇಲಾಗುತ್ತಾರಂತೆ. ಯಾಕೆಂದರೆ ಪ್ರಶ್ನೆ ಓದಿದ ಕೂಡಲೇ ಅವರಿಗೆ ತಮ್ಮ ವಾರ್ಡಿನ ಯಾವುದೋ ರೋಗಿಯ ನೆನಪಾಗುತ್ತದೆ, ಉತ್ತರ ತಪ್ಪುತ್ತದೆ. “ಪ್ರಶ್ನೆಯಲ್ಲಿ ಇರುವುದನ್ನು ಮಾತ್ರ ಓದಿ. ಇಲ್ಲದ್ದನ್ನು ನಿಮ್ಮ ಮನೆಯಿಂದ ತರಬೇಡಿ.” ನನಗಂತೂ ಇದೇ ಕಷ್ಟ. ನಿನ್ನೆಯ ಟೆಸ್ಟಿನಲ್ಲಿ ಗಾಜುವಾಕದ ನಮ್ಮ ನರ್ಸಿಂಗ್ ಹೋಮಿನ ಅಜ್ಜನನ್ನು ನೆನೆದುಕೊಂಡು ಮೂರು ಪ್ರಶ್ನೆ ಕಳೆದುಕೊಂಡೆ.

ಆದರೆ ಪಾಸಾಗಲೇಬೇಕು. ಮುಂದಿನ ವರ್ಷಕ್ಕೆ ನನಗೆ ನಲವತ್ತೈದು. ಆಮೇಲೆ ಮಸ್ಕತ್ತಿನ ಆಸ್ಪತ್ರೆಯವರು ನನ್ನ ಅರ್ಜಿಯನ್ನು ಮೂಸಿಯೂ ನೋಡುವುದಿಲ್ಲ. ನಿಮ್ಮಪ್ಪನನ್ನು ನೌಕಾಪಡೆಯವರು ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋದೆ, ಕಾರವಾರ, ಕೊಚ್ಚಿ, ಪೋರ್ಟ್ ಬ್ಲೇರ್. ಪ್ರತಿ ಊರಿನಲ್ಲೂ ಕೆಲಸ ಹಿಡಿದೆ, ಪ್ರತಿ ಊರಿನಲ್ಲೂ ಬಿಟ್ಟೆ. ಇದೊಂದನ್ನು ನನ್ನ ಕೈಯಾರೆ ಮುಗಿಸಬೇಕು.

ನಿಮ್ಮಪ್ಪ ಬಂದರಿನ ಸೆಕ್ಯುರಿಟಿ ಡ್ಯೂಟಿಯಿಂದ ಬಂದ ಮೇಲೆ ಬಿ.ಪಿ. ಮಾತ್ರೆ ನುಂಗುತ್ತಾರೋ ಇಲ್ಲವೋ ನೋಡು. ನುಂಗಿದೆ ಎಂದರೆ ನಂಬಬೇಡ.

ನಿನ್ನ ಅವ್ವ,
ಮಂಗಳಾಗೌರಿ

* * *

ವಿಶಾಖಪಟ್ಟಣ
10 ಆಗಸ್ಟ್ 2025

ಪೂಜ್ಯ ಅನಸೂಯಾ ಅತ್ತೆಗೆ ಬಿಂದು ಮಾಡುವ ನಮಸ್ಕಾರಗಳು.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಾನು ಕೂಗಿ ಹೇಳಿದರೆ ಇಲ್ಲಿ ಅಪ್ಪನಿಗೆ ಕೇಳಿಸುತ್ತದೆ. ಅದಕ್ಕೇ ಬೈಲಹೊಂಗಲದ ತನಕ ಈ ಕಾಗದ. ತಪ್ಪಿದ್ದರೆ ನಗಬೇಡಿ.

ಅತ್ತೆ, ಅಪ್ಪನಿಗೆ ಆರಾಮಿಲ್ಲ. ಜುಲೈ ಕೊನೆಯಿಂದ ಎಡಗಡೆ ದವಡೆ ಹಲ್ಲು ನೋಯುತ್ತದೆ ಎನ್ನುತ್ತಿದ್ದರು. ಮೊನ್ನೆ ಹೋಗಿ ಹಲ್ಲು ಕೀಳಿಸಿಕೊಂಡೇ ಬಂದರು. ಹಲ್ಲು ಹೋಯಿತು, ನೋವು ಹೋಗಲಿಲ್ಲ! ಮಲ್ಕಾಪುರದ ಈ ಮನೆಗೆ ಎರಡು ಅಂತಸ್ತು ಮೆಟ್ಟಿಲಿದೆಯಲ್ಲ, ಹತ್ತಿ ಬಂದಾಗ ಬರುತ್ತದೆ. ಕೂತರೆ ಹೋಗುತ್ತದೆ. ಬಂದಾಗ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರುತ್ತಾರೆ. ಹಲ್ಲಿಗೂ ಮೆಟ್ಟಿಲಿಗೂ ಏನು ಸಂಬಂಧ ಎಂದು ಕೇಳಿದೆ. “ನೀ ಡಾಕ್ಟರೇನ? ಸುಮ್ನ ಕುಂದ್ರು” ಎಂದರು.

ಅವ್ವನಿಗೆ ಹೇಳುತ್ತೇನೆ ಎಂದೆ. ಆಗ ನೋಡಬೇಕಿತ್ತು ಅವರ ಮುಖ. “ನಿಮ್ಮವ್ವ ಇಪ್ಪತ್ತು ವರ್ಷ ನನ್ನ ಹಿಂದ ಗಂಟು ಮೂಟಿ ಕಟ್ಟಿಕೊಂಡು ತಿರಗ್ಯಾಳ. ಈಗ ಆಕಿ ಪಾಳಿ. ನನ್ನ ಹಲ್ಲಿನ ಸುದ್ದಿ ಕೇಳಿದ್ರ ಆಕಿ ಪುಸ್ತಕ ಮುಚ್ಚಿಟ್ಟು ರೈಲು ಹತ್ತತಾಳ. ಪರೀಕ್ಷಾ ಮುಗಿಯೂತನಕ ಒಂದು ಅಕ್ಷರಾ ಹೇಳಬ್ಯಾಡ” ಎಂದು ನನ್ನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಆಣೆ ಮಾಡಿಸಿದರು ಅತ್ತೆ. ನನ್ನ ಆಣೆ ಅಲ್ಲ, ಅವರ ತಲೆಯ ಆಣೆ. ಈಗ ಬಾಯಿ ಬಿಟ್ಟರೆ ಅವರಿಗೇ ಏನಾದರೂ ಆಗುತ್ತದೆ ಎಂದು ನನಗೆ ಹೆದರಿಕೆ. ಬಿಡದಿದ್ದರೂ ಆಗುತ್ತದೆ ಎಂದು ಇನ್ನೂ ಹೆದರಿಕೆ.

ಭಾನುವಾರ ಅವ್ವ ಫೋನ್ ಮಾಡಿದಾಗ ಪಕ್ಕದಲ್ಲೇ ಕೂತು ನನ್ನ ಬಾಯನ್ನೇ ನೋಡುತ್ತಿರುತ್ತಾರೆ.

ಒಂದು ಉಪಾಯ ಹೊಳೆದಿದೆ. ಅವ್ವ ಅಲ್ಲಿ ದಿನಾ ನೂರು ಪ್ರಶ್ನೆ ಬಿಡಿಸುತ್ತಾಳೆ. ನಾನೂ ಒಂದು ಪ್ರಶ್ನೆ ಬರೆದು ಕಳಿಸುತ್ತೇನೆ. ಅದರಲ್ಲಿ ಅಪ್ಪನ ಹೆಸರಿರುವುದಿಲ್ಲ. ಅವ್ವ ಜಾಣೆ, ಓದಿದರೆ ಅವಳಿಗೇ ತಿಳಿಯುತ್ತದೆ. ನಾನು ಹೇಳಿದ ಹಾಗೂ ಆಗುವುದಿಲ್ಲ. ಇದು ಮೋಸವಾ?

ನಿಮ್ಮ ಸೋದರ ಸೊಸೆ,
ಬಿಂದು

* * *

ವಿಶಾಖಪಟ್ಟಣ
11 ಆಗಸ್ಟ್ 2025

ಅವ್ವಾ,

ಇಲ್ಲಿ ಎಲ್ಲ ಸರಿಯಾಗಿದೆ. ಅಪ್ಪ ಮಾತ್ರೆಯನ್ನು ನನ್ನ ಎದುರಿಗೇ ನುಂಗುತ್ತಾರೆ.

ನಿನಗೆ ಅಭ್ಯಾಸವಾಗಲಿ ಎಂದು ನಾನೇ ಒಂದು ಪ್ರಶ್ನೆ ಕಟ್ಟಿದ್ದೇನೆ. ನಿಮ್ಮ ಮೇಡಂ ಪ್ರಶ್ನೆಗಿಂತ ಕಷ್ಟ. ಗಮನವಿಟ್ಟು ಓದು ಅವ್ವಾ, ಎರಡು ಸಲ ಓದು.

ಐವತ್ತೆರಡು ವರ್ಷದ ಒಬ್ಬ ಮನುಷ್ಯ. ಮೆಟ್ಟಿಲು ಹತ್ತಿದಾಗ ಎಡ ದವಡೆ ನೋಯುತ್ತದೆ, ಬೆವರು ಬರುತ್ತದೆ. ಕೂತರೆ ಕಡಿಮೆಯಾಗುತ್ತದೆ. ಹಲ್ಲು ಕೀಳಿಸಿಕೊಂಡರೂ ನೋವು ಹೋಗಿಲ್ಲ. ಮೊದಲು ಏನು ಮಾಡಬೇಕು?
1. ಪಕ್ಕದ ಹಲ್ಲನ್ನೂ ತೋರಿಸಬೇಕು.
2. ನೋವಿನ ಮಾತ್ರೆ ಕೊಡಬೇಕು.
3. ಇ.ಸಿ.ಜಿ. ಮಾಡಿಸಬೇಕು.
4. ಓಮದ ನೀರು ಕುಡಿಸಿ ಮಲಗಿಸಬೇಕು.

ಬೇಗ ಉತ್ತರ ಬರೆ. ಭಾನುವಾರ ಫೋನ್‌ನಲ್ಲಿ ಹೇಳಬೇಡ, ಬರೆದೇ ಕಳಿಸು.

ಬಿಂದು

* * *

ವಿಜಯವಾಡ
17 ಆಗಸ್ಟ್ 2025

ಜಾಣ ಮಗಳೇ,

ಭಲೆ! ನಿನ್ನ ಪ್ರಶ್ನೆ ನೋಡಿ ನಾನು ಬೆರಗಾದೆ. ಉತ್ತರ ಮೂರು, ಅದರಲ್ಲಿ ಅನುಮಾನವೇ ಇಲ್ಲ. ಶ್ರಮಪಟ್ಟಾಗ ಬಂದು ಕೂತಾಗ ಹೋಗುವ ದವಡೆ ನೋವು ಹಲ್ಲಿನದಲ್ಲ, ಹೃದಯದ್ದು. ಎದೆ ನೋಯಲೇಬೇಕೆಂದಿಲ್ಲ. ಹಲ್ಲು ಕೀಳಿಸಿಕೊಂಡ ಎಂಬ ಸಾಲು ದಾರಿ ತಪ್ಪಿಸಲಿಕ್ಕೆ ಹಾಕಿದ್ದೀಯಲ್ಲ ಕಳ್ಳಿ, ಎಲ್ಲಿಂದ ಕಲಿತೆ ಇದನ್ನು?

ಮೇಡಂಗೆ ತೋರಿಸಿದೆ. ಅವರು ನೇರವಾಗಿ ಬೋರ್ಡಿನ ಮೇಲೆ ಬರೆದರು. ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರು ಪಕ್ಕದ ಹಲ್ಲು ತೋರಿಸಬೇಕು ಎಂದರು! ಪ್ರತ್ಯೂಷಾ ಎಂಬ ಹುಡುಗಿ ಇದ್ದಾಳೆ, ಮಹಾ ತುಂಟಿ. “ಅಯ್ಯೋ, ವೀಳ್ಳ ಚೇತಿಲೋ ಪಡಿತೇ ಬಾಬಾಯಿ ಪೋಯಿನಟ್ಟೇ” ಎಂದಳು, ಇವರ ಕೈಗೆ ಸಿಕ್ಕರೆ ಚಿಕ್ಕಪ್ಪ ಹೋದ ಹಾಗೇ ಎಂದು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಂದಿನಿಂದ ಅವನಿಗೆ ಹಲ್ಲುನೋವಿನ ಬಾಬಾಯಿ ಎಂದೇ ಹೆಸರು. ಊಟಕ್ಕೆ ಕೂತಾಗಲೂ ಅವನದೇ ಮಾತು. ಬಾಬಾಯಿ ಮುಂದೇನಾದ ಎಂದು ನಿನ್ನನ್ನು ಕೇಳಬೇಕಂತೆ.

ಓದಿದಾಗ ನನಗೆ ಒಂದು ಗಳಿಗೆ ನಿಮ್ಮಪ್ಪನ ವಯಸ್ಸು ನೆನಪಾಯಿತು. ಕೂಡಲೇ ಮೇಡಂ ಮಾತು ನೆನೆದುಕೊಂಡೆ. ಪ್ರಶ್ನೆಯಲ್ಲಿ ಇಲ್ಲದ್ದನ್ನು ಮನೆಯಿಂದ ತರಬಾರದು. ನೋಡು, ಕೊನೆಗೂ ನನಗೆ ಅಭ್ಯಾಸವಾಗುತ್ತಿದೆ. ಈ ವಾರದ ಟೆಸ್ಟಿನಲ್ಲಿ ಕ್ಲಾಸಿಗೇ ಎರಡನೆಯವಳು ನಾನು.

ಇನ್ನೊಂದು ಕಳಿಸು. ಕಷ್ಟದ್ದೇ ಇರಲಿ.

ಅವ್ವ

* * *

ಬೈಲಹೊಂಗಲ
20 ಆಗಸ್ಟ್ 2025

ಚಿ. ಬಿಂದುಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು. ಓದಿದಾಗಿನಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ. ನಿನಗೆ ಗೊತ್ತಿಲ್ಲ, ನಮ್ಮ ಅಪ್ಪನೂ, ಅಂದರೆ ನಿನ್ನ ಅಜ್ಜ, ಹೊಲದಿಂದ ಬಂದು ಗದ್ದ ಹಿಡಿದುಕೊಂಡು ಕೂಡುತ್ತಿದ್ದ. ಹಲ್ಲು ಹಲ್ಲು ಎನ್ನುತ್ತಿದ್ದ. ಲವಂಗ ಇಟ್ಟುಕೊ ಎಂದು ನಾವೇ ಕೊಡುತ್ತಿದ್ದೆವು. ಒಂದು ದಿನ ಲವಂಗ ಬಾಯಲ್ಲಿ ಇದ್ದ ಹಾಗೇ ಗೋಡೆಗೆ ಒರಗಿದವನು ಏಳಲಿಲ್ಲ. ಆಗ ನಿಮ್ಮಪ್ಪ ಪುಂಡಲೀಕ ಇನ್ನೂ ಸಣ್ಣವನು, ಅವನಿಗೆ ನೆನಪಿಲ್ಲ.

ಅವನ ತಲೆಯ ಆಣೆ ಎಂದು ನೀನು ಸುಮ್ಮನೆ ಕೂಡಬೇಡ. ಆಣೆ ಪಾಣೆ ಎಲ್ಲ ನನ್ನ ಮೇಲೆ ಬರಲಿ, ನಾ ದೊಡ್ಡವಳು ಹೇಳುತ್ತೇನೆ. ಮಂಗಳಾನ ಹಾಸ್ಟೆಲ್ ವಿಳಾಸ ನನ್ನ ಹತ್ತಿರ ಇಲ್ಲ, ನೀನೇ ಅವಳಿಗೆ ನೇರವಾಗಿ ಬರೆ. ಅಪ್ಪನಿಗೆ ಹೀಗಾಗಿದೆ, ಬಾ ಎಂದು ಬರೆ. ಒಗಟು ಹಾಕಬೇಡ.

ಮಗ ಜಗದೀಶನ ಕೈಲಿ ಪುಂಡಲೀಕನಿಗೆ ಫೋನ್ ಮಾಡಿಸಿದೆ. “ಅಕ್ಕಗ ಹೇಳು, ಹಲ್ಲು ಕಿತ್ತಸ್ಕೊಂಡು ಆರಾಮ ಅದೀನಿ ಅಂತ” ಎಂದು ನಕ್ಕನಂತೆ. ಆ ನಗೆ ನನಗೆ ಗೊತ್ತು. ಅವನು ಸಣ್ಣವನಿದ್ದಾಗ ಬಿದ್ದು ಕೈ ಮುರಿದುಕೊಂಡಾಗಲೂ ಹಾಗೇ ನಕ್ಕಿದ್ದ.

ಅನಸೂಯಾ

* * *

ವಿಶಾಖಪಟ್ಟಣ
30 ಆಗಸ್ಟ್ 2025

ಅತ್ತೆ,

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ಆದರೆ ನಿಮ್ಮ ಮಾತು ನಡೆಸಲಿಲ್ಲ. ಯಾಕೆಂದು ಹೇಳುತ್ತೇನೆ, ಆಮೇಲೆ ಬೈಯಿರಿ.

ಗಣೇಶನ ಹಬ್ಬದ ಹಿಂದಿನ ದಿನ ಅಪ್ಪ ಅನಕಾಪಲ್ಲಿ ಬೆಲ್ಲದ ಅಚ್ಚು ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಅರ್ಧಕ್ಕೇ ಕೂತುಬಿಟ್ಟರು. ಪಕ್ಕದ ಮನೆಯ ಸುಮಂತ್ ಮಾವಯ್ಯ ಬೆಲ್ಲವನ್ನೂ ಅಪ್ಪನನ್ನೂ ಮೇಲೆ ತಂದರು. ನಾನು ಅವ್ವನ ಉತ್ತರದ ಪತ್ರ ತಂದು ಅಪ್ಪನ ಎದುರಿಗೆ ಹಿಡಿದೆ. “ಓದಿ, ನಿಮ್ಮ ಹೆಂಡತಿಯೇ ಬರೆದಿದ್ದಾಳೆ. ಉತ್ತರ ಮೂರು” ಎಂದೆ. ಓದಿದರು. ಪ್ರಶ್ನೆ ಕಟ್ಟಿದ್ದು ಯಾರ ಮೇಲೆ ಎಂದು ಗೊತ್ತಾಯಿತು. ಬೈಯುತ್ತಾರೆ ಎಂದುಕೊಂಡೆ. ಅವ್ವ ಕ್ಲಾಸಿಗೆ ಎರಡನೆಯವಳು ಎಂಬ ಸಾಲನ್ನು ಮತ್ತೆ ಮತ್ತೆ ಓದಿ ಕಣ್ಣು ಒರೆಸಿಕೊಂಡರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು ಅತ್ತೆ.

ಮರುದಿನ ನನ್ನ ಕಾಟಕ್ಕೆ ಇ.ಸಿ.ಜಿ. ಮಾಡಿಸಿಕೊಂಡು ಬಂದರು. ನಾರ್ಮಲ್! ಕಾಗದವನ್ನು ಬಾವುಟದ ಹಾಗೆ ಆಡಿಸುತ್ತಾ ಒಳಗೆ ಬಂದರು. “ನೋಡಿಲ್ಲೆ, ನಿಮ್ಮ ಬಾಬಾಯಿಗೆ ಏನೂ ಆಗಿಲ್ಲ. ಇನ್ನ ಪ್ರಶ್ನಿ ಬರಿಯೂದು ಬಂದ್ ಮಾಡು” ಎಂದರು. ಮೆಟ್ಟಿಲು ಹತ್ತಿದಾಗ ಬರುವ ನೋವು ಎಂದು ಅಲ್ಲಿ ಹೇಳಿದಿರಾ ಎಂದು ಕೇಳಿದೆ. ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು.

ಅವ್ವ ಪಾಸಾದರೆ ಅಪ್ಪ ಆಸ್ಪತ್ರೆಗೆ ಹೋಗುತ್ತಾರೆ. ಅವ್ವ ಪರೀಕ್ಷೆ ಬಿಟ್ಟು ಬಂದರೆ ಆ ಸಂಕಟಕ್ಕೇ ಅಪ್ಪನಿಗೆ ಏನಾದರೂ ಆಗುತ್ತದೆ. ನನಗೆ ಹಾಗೆ ಅನ್ನಿಸುತ್ತದೆ. ಪರೀಕ್ಷೆ ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ. ಅಲ್ಲಿಯ ತನಕ ಡ್ಯೂಟಿ ಬಿಟ್ಟು ಬೇರೆ ಯಾವುದಕ್ಕೂ ಅವರು ಮೆಟ್ಟಿಲು ಹತ್ತದಂತೆ ನೋಡಿಕೊಂಡರೆ ಸಾಕಲ್ಲವಾ ಅತ್ತೆ? ಅಂಗಡಿಗೆ ನಾನೇ ಹೋಗುತ್ತೇನೆ. ನೀರಿನ ಕ್ಯಾನು ನಾನೇ ತರುತ್ತೇನೆ.

ಬಿಂದು

* * *

ವಿಜಯವಾಡ
6 ಸೆಪ್ಟೆಂಬರ್ 2025

ಬಿಂದು,

ಏನೇ ಇದು, ಮೂರು ವಾರದಿಂದ ಒಂದು ಸಾಲಿಲ್ಲ? ಇಲ್ಲಿ ಹುಡುಗಿಯರು ನನ್ನನ್ನು ಬಿಡುತ್ತಿಲ್ಲ. ಬೆಳಿಗ್ಗೆ ಎದ್ದರೆ “ಅಕ್ಕಾ, ಬಾಬಾಯಿ ಉನ್ನಾಡಾ?” ಇದ್ದಾನಾ ಎಂದು ಕೇಳುವುದು! ಉಷಶ್ರೀ ಎಂಬವಳು ಅವನ ಚಿತ್ರವನ್ನೇ ಬೋರ್ಡಿನ ಮೂಲೆಯಲ್ಲಿ ಬರೆದಿದ್ದಾಳೆ, ಗದ್ದಕ್ಕೆ ಕಟ್ಟಿದ ಕರವಸ್ತ್ರ, ದಪ್ಪ ಮೀಸೆ. ಮೇಡಂ ಕೂಡ ಅಳಿಸುವುದಿಲ್ಲ.

ಹಾಲ್ ಟಿಕೆಟ್ ಬಂತು. ಇಪ್ಪತ್ತೆರಡು ಸೋಮವಾರ ಬೆಳಿಗ್ಗೆ, ಹೈದರಾಬಾದಿನಲ್ಲಿ. ಇಲ್ಲಿಂದ ನಾವು ನಾಲ್ಕು ಜನ ಹಿಂದಿನ ಸಂಜೆ ಬಸ್ಸಿಗೆ ಹೋಗುವುದು. ನಿಮ್ಮಪ್ಪನಿಗೆ ಹೇಳಿದರೆ ಸ್ಪೀಕರಿನಲ್ಲೇ ಶಿಳ್ಳೆ ಹೊಡೆದರು, ಸೂರ್ಯಕಾಂತಮ್ಮನವರು ಬೆಚ್ಚಿಬಿದ್ದರು. ಆಮೇಲೆ ಯಾಕೋ ಕೆಮ್ಮಿದರು. ಧೂಳಾ? ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಕಡೆ ಹಾಕಿದ್ದಾರಾ ಮತ್ತೆ?

ಪ್ರಶ್ನೆ ಕಳಿಸು ಮಾರಾಯ್ತಿ. ಕೊನೆಯ ಎರಡು ವಾರ ಇದು.

ಅವ್ವ

* * *

ವಿಶಾಖಪಟ್ಟಣ
10 ಸೆಪ್ಟೆಂಬರ್ 2025

ಅವ್ವಾ,

ಬಾಬಾಯಿ ಇದ್ದಾನೆ.

ಅವನು ಇ.ಸಿ.ಜಿ. ಮಾಡಿಸಿದ. ಕೂತಿದ್ದಾಗ ಮಾಡಿದ್ದು, ನಾರ್ಮಲ್ ಬಂತು. ಆದರೆ ಈಗ ಸ್ನಾನ ಮಾಡುವಾಗಲೂ ನೋವು ಬರುತ್ತದೆ. ಬನಿಯನ್ ಹಾಕಿಕೊಳ್ಳಲು ಕೈ ಎತ್ತಿದರೂ ಬರುತ್ತದೆ. ಮೊನ್ನೆ ಸುಮ್ಮನೆ ಕೂತಿದ್ದಾಗಲೂ ಬಂತು. ಆಸ್ಪತ್ರೆಗೆ ಹೋಗುವುದಿಲ್ಲ ಎನ್ನುತ್ತಾನೆ. ಯಾರಿಗೂ ಹೇಳಬಾರದು ಎನ್ನುತ್ತಾನೆ. ಮನೆಯಲ್ಲಿರುವುದು ಅವನ ಮಗಳು ಒಬ್ಬಳೇ, ಅವಳಿಗೆ ಹದಿನೇಳು ವರ್ಷ. ಅವಳು ಏನು ಮಾಡಬೇಕು?

ಇದಕ್ಕೆ ನಾಲ್ಕು ಆಯ್ಕೆ ಬರೆಯಲು ನನಗೆ ಬರುತ್ತಿಲ್ಲ. ನೀನೇ ಬರೆ. ಅವ್ವಾ, ಇದನ್ನು ಕ್ಲಾಸಿನಲ್ಲಿ ಓದಬೇಡ, ಒಬ್ಬಳೇ ಓದು.

ಬಿಂದು

* * *

ವಿಜಯವಾಡ
15 ಸೆಪ್ಟೆಂಬರ್ 2025

ಬಿಂದು,

ನಿನ್ನ ಪತ್ರ ಬಂದಾಗ ಪ್ರತ್ಯೂಷಾ ಪಕ್ಕದಲ್ಲೇ ಇದ್ದಳು, ಕಸಿದುಕೊಂಡು ಹೋದಳು. ಅವಳಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅರ್ಥವಾಗದ್ದನ್ನು ನನ್ನನ್ನು ಕೇಳುತ್ತಾಳೆ. ಹೀಗಾಗಿ ಎಲ್ಲರಿಗೂ ಗೊತ್ತಾಯಿತು.

ಉತ್ತರ ಬರೆಯುತ್ತೇನೆ. ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ನಾರ್ಮಲ್ ಬಂದರೆ ಹೃದಯ ಸರಿಯಿದೆ ಎಂದಲ್ಲ. ಮೊದಲು ಶ್ರಮಕ್ಕೆ ಬರುತ್ತಿದ್ದ ನೋವು ಈಗ ಕೂತಾಗಲೂ ಬರುತ್ತಿದೆ ಎಂದರೆ ಅವನು ಕತ್ತಿಯ ಅಂಚಿನ ಮೇಲೆ ಇದ್ದಾನೆ. ಮಗಳು ಅವನ ಮಾತು ಕೇಳಬಾರದು. 108ಕ್ಕೆ ಫೋನ್ ಮಾಡಬೇಕು. ಅವನನ್ನು ನಡೆಸಬಾರದು. ಮೇಡಂ ಇದನ್ನೇ ಹೇಳಿದರು, “ಈ ಬಾಬಾಯಿ ತಿಂಗಳ ಕೊನೆ ನೋಡುವುದಿಲ್ಲ” ಎಂದೂ ಹೇಳಿದರು. ಯಾರೂ ನಗಲಿಲ್ಲ.

ಒಂದು ಮಾತು. ಇದನ್ನು ಓದಿ ನಿಮ್ಮಪ್ಪನೇ ನನ್ನ ಕಣ್ಣ ಮುಂದೆ ಬಂದರು. ಅದಕ್ಕೇ ನಿನ್ನೆ ಭಾನುವಾರ ಫೋನ್‌ನಲ್ಲಿ ನಿಮ್ಮಪ್ಪನನ್ನು ಕೇಳಿಯೇಬಿಟ್ಟೆ, ನಿಮಗೇನೂ ಇಲ್ಲ ತಾನೇ ಎಂದು. “ನಂಗೇನಾಗೇತಿ? ಗುಂಡಕಲ್ಲಿನಂಗ ಅದೀನಿ. ನಿನಗ ಪರೀಕ್ಷಾ ಅಂಜಿಕಿ ಹತ್ತೇತಿ, ಅದಕ್ಕ ಎಲ್ಲಾರೂ ಪೇಷಂಟ್ ಕಾಣಾಕ್ಹತ್ಯಾರ” ಎಂದರು. ನಿನ್ನನ್ನು ಕೇಳಿದೆ. ನೀನು ಹ್ಞೂಂ ಎಂದೆ. ನಿನ್ನ ಹ್ಞೂಂ ನನಗೆ ಸರಿ ಕಾಣಲಿಲ್ಲ. ಆದರೆ ನಂಬಿದ್ದೇನೆ. ಇನ್ನು ಒಂದು ವಾರ ನಂಬಲೇಬೇಕು, ಇಲ್ಲದಿದ್ದರೆ ಇಲ್ಲಿ ಕೂರಲಾರೆ.

ಅವ್ವ

* * *

ವಿಶಾಖಪಟ್ಟಣ
24 ಸೆಪ್ಟೆಂಬರ್ 2025

ಅತ್ತೆ,

ಜಗದೀಶಣ್ಣನಿಗೆ ಫೋನ್‌ನಲ್ಲಿ ಹೇಳಿದ್ದೇನೆ. ಆದರೆ ಅವನು ನಿಮ್ಮ ಕಿವಿಯಲ್ಲಿ ಎಷ್ಟು ಕೂಗಿ ಹೇಳಿದನೋ ಏನೋ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಅವ್ವನ ಉತ್ತರ ಗುರುವಾರ ಕೈಗೆ ಬಂತು. ಅವತ್ತೇ 108ಕ್ಕೆ ಫೋನ್ ಮಾಡಬೇಕಿತ್ತು. ಅಪ್ಪ ನಗುತ್ತಾ ಊಟ ಮಾಡುತ್ತಿದ್ದರು, ನನಗೆ ಧೈರ್ಯ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಡ್ಯೂಟಿಗೆ ಹೊರಟವರು ಬೂಟಿನ ಲೇಸು ಕಟ್ಟಲು ಬಗ್ಗಿದರು, ಹಾಗೇ ಪಕ್ಕಕ್ಕೆ ವಾಲಿದರು. ಮುಖ ಬೂದಿ ಬಣ್ಣ. ಆಗಲೂ “ಹಲ್ಲು” ಎಂದರು ಅತ್ತೆ. ಆ ಹಲ್ಲು ಇಲ್ಲವೇ ಇಲ್ಲ.

ಆಂಬುಲೆನ್ಸ್ ಬಂತು. ಸುಮಂತ್ ಮಾವಯ್ಯ ಜೊತೆಗೆ ಬಂದರು. ಹಾರ್ಟ್ ಅಟ್ಯಾಕ್ ಎಂದರು. ಇಂಜೆಕ್ಷನ್ ಕೊಟ್ಟು ನಿಲ್ಲಿಸಿದರು, ಆಂಜಿಯೋಗ್ರಾಂ ಎಂದು ಒಳಗೆ ತಂತಿ ಬಿಟ್ಟು ನೋಡಿದರು, ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆಯಂತೆ. ಬೈಪಾಸ್ ಮಾಡಬೇಕು, ಕೂಡಲೇ ತಯಾರಿ ಶುರು ಮಾಡಬೇಕು ಎಂದರು. ಅಪ್ಪ ಸಹಿ ಹಾಕಲಿಲ್ಲ! “ಸೋಮವಾರ ಸಂಜೀಕ ಹಾಕತೀನಿ” ಎಂದರು. ಆಪರೇಷನ್ ಎಂದರೆ ಮನೆಯವರನ್ನು ಕರೆಸಿ ಎನ್ನುತ್ತಾರೆ, ಆಗ ಅವ್ವನಿಗೆ ಗೊತ್ತಾಗುತ್ತದೆ, ಅದಕ್ಕೆ. ಡಾಕ್ಟರು ತೆಲುಗಿನಲ್ಲಿ ಬೈದರು, ಇಂಗ್ಲಿಷಿನಲ್ಲಿ ಬೈದರು, ಇನ್ನೊಂದು ಸಲ ಬಂದರೆ ನಮ್ಮ ಕೈಯಲ್ಲಿಲ್ಲ ಎಂದರು. ಅಪ್ಪ ಜಪ್ಪಯ್ಯ ಅನ್ನಲಿಲ್ಲ. ನಾನು ಸಹಿ ಹಾಕುತ್ತೇನೆ ಎಂದೆ. ನಿನಗೆ ಹದಿನೆಂಟಾಗಿಲ್ಲ, ನಡೆಯುವುದಿಲ್ಲ ಎಂದರು.

ಭಾನುವಾರ ಬೆಳಿಗ್ಗೆ ಅವ್ವನ ಫೋನ್ ಬರುವ ಹೊತ್ತಿಗೆ ಅಪ್ಪ ಸಿಸ್ಟರನ್ನು ಬೇಡಿಕೊಂಡು ನನ್ನನ್ನು ಒಳಗೆ ಕರೆಸಿಕೊಂಡರು. ಮೂಗಿನ ಆಕ್ಸಿಜನ್ ನಳಿಗೆ ತೆಗೆದಿಟ್ಟು ಪರೇಡಿನ ದನಿಯಲ್ಲಿ ಮಾತಾಡಿದರು. “ಮನ್ಯಾಗ ಅದೀನಿ, ಇವತ್ತ ರಜಾ. ನೀ ಹೋಗಿ ಗೆದ್ದು ಬಾ” ಎಂದರು. ಅವ್ವ ಅಲ್ಲಿ ನಗುತ್ತಿದ್ದಳು. ಸಂಜೆ ಬಸ್ಸು, ಚೀಲ ಕಟ್ಟಿಯಾಯಿತು ಎಂದಳು. ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಕಣ್ಣಲ್ಲೇ ಹೆದರಿಸಿದರು.

ಆಗ ಹಿಂದಿನಿಂದ ಹುಡುಗಿಯರು ಕೂಗಿದರು. “ಬಿಂದೂ, ಬಾಬಾಯಿ ಎಲಾ ಉನ್ನಾರು?” ಹೇಗಿದ್ದಾರೆ ಎಂದು ಕೇಳಿದ್ದು.

ಅಪ್ಪ ಬೇಡ ಎಂದು ತಲೆ ಅಲ್ಲಾಡಿಸಿದರು.

“ಆಸ್ಪತ್ರೆಯಲ್ಲಿದ್ದಾರೆ” ಎಂದೆ. “ಶುಕ್ರವಾರ ಸೇರಿಸಿದೆವು.”

ಅಲ್ಲಿ ಚಪ್ಪಾಳೆ ಹೊಡೆದರು ಅತ್ತೆ. ಕರೆಕ್ಟ್ ಆನ್ಸರ್ ಎಂದು ಯಾರೋ ಕೇಕೆ ಹಾಕಿದರು. ಆದರೂ ನಾನು ನಿಲ್ಲಿಸಲಿಲ್ಲ. ಆಪರೇಷನ್ ಆಗಬೇಕಂತೆ, ಅವರು ಸಹಿ ಹಾಕುತ್ತಿಲ್ಲ ಎಂದೆ. ಯಾಕೆ ಹಾಕುತ್ತಿಲ್ಲ ಎಂದು ಪ್ರತ್ಯೂಷಾ ಕೇಳಿದಳು.

“ಅವರ ಹೆಂಡತಿಗೆ ನಾಳೆ ಪರೀಕ್ಷೆ ಇದೆ” ಎಂದೆ.

ಫೋನಿನಲ್ಲಿ ಹಾಸ್ಟೆಲ್ಲಿನ ಕೆಳಗಿನ ಅಂಗಡಿಯ ಹಮಾಲರ ಕೂಗು ನನಗೆ ಕೇಳಿಸಿತು. ಆಮೇಲೆ ಅವ್ವನ ದನಿ ಬಂತು. ಅಳು ಇಲ್ಲ, ಸಿಟ್ಟು ಇಲ್ಲ, ಡ್ಯೂಟಿ ಬದಲಾಗುವಾಗ ಕೇಳುವ ಹಾಗೆ ಕೇಳಿದಳು.

“ಯಾವ ವಾರ್ಡು, ಬಿಂದು?”

ಅಪ್ಪ ಫೋನ್ ಕಸಿದುಕೊಂಡು ಬರಬ್ಯಾಡ ಬರಬ್ಯಾಡ ಎಂದು ಕೂಗಿದರು. ಮಿಷನ್ ಎಲ್ಲ ಕಿರುಚಲು ಶುರುಮಾಡಿದವು, ನನ್ನನ್ನು ಹೊರಗೆ ಹಾಕಿದರು. ಸುಮಂತ್ ಮಾವಯ್ಯನ ಫೋನಿನಿಂದ ಮತ್ತೆ ಮಾಡಿ ಆಸ್ಪತ್ರೆ, ವಾರ್ಡು ಎಲ್ಲ ಅವ್ವನಿಗೆ ಹೇಳಿದೆ.

ದಸರೆಗೆ ಬೆಟ್ಟದ ದೇವಿಯನ್ನು ನೋಡಲು ಬರುವವರಿಂದ ವಿಜಯವಾಡ ಸ್ಟೇಷನ್ ತುಂಬಿ ತುಳುಕುತ್ತಿತ್ತಂತೆ. ಅವ್ವ ಬಾಗಿಲಲ್ಲೇ ನಿಂತು ಬಂದಳು. ದೀಪ ಹಚ್ಚುವ ಹೊತ್ತಿಗೆ ವಾರ್ಡಿಗೆ ಬಂದವಳು ಮೊದಲು ಅಪ್ಪನನ್ನು ನೋಡಲಿಲ್ಲ, ಕಾಲ ಬಳಿಯ ಚಾರ್ಟ್ ನೋಡಿದಳು. ಆಮೇಲೆ ಮಿಷನ್ ನೋಡಿದಳು. ಆಮೇಲೆ ಅವರ ಮುಖ. ಅಪ್ಪ ಗೋಡೆ ಕಡೆ ತಿರುಗಿ “ಪರೀಕ್ಷಾ?” ಎಂದರು. “ಸಹಿ ಮಾಡ್ರಿ” ಎಂದಳು. ಅಷ್ಟೇ ಮಾತು. ಮಾಡಿದರು.

ಹೊರಗೆ ಬಂದ ಮೇಲೆ ನನ್ನನ್ನು ಅಪ್ಪಿಕೊಂಡು ಅತ್ತಳು. “ಒಂದು ತಿಂಗಳು ಆ ಮನಿಷ್ಯಾನ ಮ್ಯಾಲ ನಕ್ಕೇವಿ ಬಿಂದು. ಚಿತ್ರಾ ಬರದು ನಕ್ಕೇವಿ” ಎಂದಳು. ಆಮೇಲೆ ನನ್ನನ್ನು ದೂರ ಸರಿಸಿ, “ಮೊದಲನೇ ಪತ್ರದಾಗ ಹೆಸರು ಬರದಿದ್ರ ಏನಾಗತಿತ್ತ ನಿನಗ?” ಎಂದಳು. ನಾನು ಏನು ಹೇಳಲಿ ಅತ್ತೆ?

ಆಪರೇಷನ್ ಶುಕ್ರವಾರ ಬೆಳಿಗ್ಗೆ. ಹೃದಯ ಅರ್ಧ ಸೋತಿದೆ, ಒಂದು ತಿಂಗಳು ಮೊದಲೇ ಬಂದಿದ್ದರೆ ಬೇರೆ ಮಾತು ಎಂದು ಡಾಕ್ಟರು ಅವ್ವನಿಗೆ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಭಾನುವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಒಳಗೆ ಹೋದರೆ ಕಣ್ಣು ಮುಚ್ಚುತ್ತಾರೆ.

ನಿಮ್ಮ,
ಬಿಂದು

* * *

25 ಸೆಪ್ಟೆಂಬರ್, ಸಂಜೆ

ಬಿಂದು,

ಸಿಸ್ಟರ್ ಹತ್ತಿರ ಕಾಗದ ಪೆನ್ನು ಇಸಕೊಂಡು ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಸೋಮವಾರ ಬೆಳಿಗ್ಗೆ ಗೋಡೆಯ ಗಡಿಯಾರ ನೋಡುತ್ತಾ ಮಲಗಿದ್ದೆ. ಆ ಹೊತ್ತಿಗೆ ನಿಮ್ಮವ್ವ ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿರಬೇಕಿತ್ತು. ಇಲ್ಲಿ ನನ್ನ ಮೂತ್ರ ಅಳೆಯುತ್ತಿದ್ದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಮಸ್ಕತ್ತಿನವರು ಇನ್ನು ಕರೆಯುವುದಿಲ್ಲ ಎಂದು ಆಕೆಗೂ ಗೊತ್ತು, ನನಗೂ ಗೊತ್ತು. ಆಕೆ ಅದನ್ನು ಬಾಯಿ ಬಿಟ್ಟು ಆಡುವುದಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಒಳಗೆ ಒಯ್ಯುತ್ತಾರೆ. ನನಗೆ ಅಂಜಿಕೆಯಾಗಿದೆ ಬಿಂದು. ಹಡಗಿನಲ್ಲಿ ಎಂಥೆಂಥಾ ಗಾಳಿ ನೋಡಿದೆ, ಇಷ್ಟು ಅಂಜಿದ್ದು ನೆನಪಿಲ್ಲ. ನಿಮ್ಮವ್ವನ ಮುಂದೆ ಇದನ್ನು ಹೇಳಲು ಬಾರದು, ಆಕೆ ಚಾರ್ಟ್ ನೋಡಿ ನಗುವ ಹಾಗೆ ಮಾಡುತ್ತಾಳೆ, ನಾನು ನಂಬಿದ ಹಾಗೆ ಮಾಡುತ್ತೇನೆ.

ನಿನ್ನ ಜೊತೆ ಮಾತು ಬಿಟ್ಟಿದ್ದೇನೆ, ನಿಜ. ಬಿಟ್ಟದ್ದಕ್ಕೆ ಕಾರಣ ಇದೆ. ನಿನ್ನನ್ನು ಬೈಯಬೇಕು. ಗಂಟಲು ಬಿಚ್ಚಿ, ಓಣಿಯವರಿಗೆಲ್ಲ ಕೇಳುವ ಹಾಗೆ ಬೈಯಬೇಕು. ಈಗ ಅಷ್ಟು ಉಸಿರು ಇಲ್ಲ. ನಾಳೆ ಎಚ್ಚರವಾದ ಕೂಡಲೇ ಆ ಕೆಲಸ ಮಾಡುತ್ತೇನೆ. ಎಲ್ಲೂ ಹೋಗಬೇಡ, ಬಾಗಿಲ ಹತ್ತಿರವೇ ಇರು.

ನಿಮ್ಮಪ್ಪ,
ಪುಂಡಲೀಕ